ದುರ್ಗಕ್ಕೆ ಬಂದರೆ ನೀರಿನ ಹಿಂದೆ ಹೋಗಿ

ಕೇಳುಗರಿಗೆ ನಮಸ್ಕಾರ.

ನಮ್ಮೂರು ಚಿತ್ರದುರ್ಗ, ನಮ್ಮ ಬಾಯಲ್ಲಿ ದುರ್ಗ. ರಜೆ ಹತ್ತಿರ ಬಂತು ಅಂದರೆ ನಮ್ಮ ಮನೆಗೆ ಫೋನ್ ಶುರು. "ಮಕ್ಕಳನ್ನ ಕರ್ಕೊಂಡು ದುರ್ಗಕ್ಕೆ ಬರ್ತಿದೀವಿ, ಏನೇನು ನೋಡಬಹುದು?" ಮೊದಲೆಲ್ಲ ನಾನು ಗಿಣಿಪಾಠ ಒಪ್ಪಿಸುತ್ತಿದ್ದೆ. ಕೋಟೆ, ಓಬವ್ವನ ಕಿಂಡಿ, ಚಂದ್ರವಳ್ಳಿ, ಟೈಮ್ ಉಳಿದರೆ ಮಾರಿಕಣಿವೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಅದಕ್ಕೆ ಕಾರಣ ನನ್ನ ತಂಗಿಯ ಮಗ. ಒಂಬತ್ತು ವರ್ಷದ ಹುಡುಗ. ಒಂದು ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಬಂದಿದ್ದರು. ದೋಸೆ ತಿಂದು, ಹರಟೆ ಹೊಡೆದು, ಕೋಟೆ ಬಾಗಿಲಿಗೆ ಹೋಗುವಷ್ಟರಲ್ಲಿ ಹನ್ನೊಂದೂವರೆ. ತಪ್ಪು ನನ್ನದೇ, ಊರಿನವನಾಗಿ ನನಗಾದರೂ ಬುದ್ಧಿ ಇರಬೇಕಿತ್ತು. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು ಬರೀ ಮೇಲಿನಿಂದ ಬರುವುದಿಲ್ಲ, ಕಾದ ಬಂಡೆಯಿಂದ ಕಾಲಿಗೂ ಹತ್ತುತ್ತದೆ. ನಾನು ಮಾತ್ರ ಹುಮ್ಮಸ್ಸಿನಿಂದ ಏಳು ಸುತ್ತಿನ ಕೋಟೆ, ನಾಯಕರ ವಂಶ, 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು, ಕೊನೆಯ ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಎಲ್ಲಾ ಹೇಳುತ್ತಾ ಮುಂದೆ ಮುಂದೆ ನಡೆಯುತ್ತಿದ್ದೆ. ಹಿಂದೆ ತಿರುಗಿದರೆ ಹುಡುಗ ಒಂದು ಗೋಡೆ ನೆರಳಲ್ಲಿ ಕೂತುಬಿಟ್ಟಿದ್ದ. ಬಾಟಲಿ ಖಾಲಿ. "ಮಾಮಾ, ಇಷ್ಟು ಜನ ಈ ಬೆಟ್ಟದ ಮೇಲೆ ಇದ್ರಲ್ಲ, ಅವರಿಗೆ ನೀರು ಎಲ್ಲಿಂದ ಬರ್ತಿತ್ತು?"

ನಾನು ಅಷ್ಟು ವರ್ಷ ಕೋಟೆ ಹತ್ತಿದ್ದೇನೆ, ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನಾಯಕರ ಕಥೆಯನ್ನು ಅಲ್ಲೇ ಬಿಟ್ಟೆ. ನೀರು ಹುಡುಕೋಣ ಬಾ ಅಂದೆ.

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಬಿದ್ದ ಒಂದೊಂದು ಹನಿಯನ್ನೂ ಹಿಡಿಯಬೇಕು. ಮೇಲುದುರ್ಗದಲ್ಲಿ ಬಂಡೆಗಳ ನಡುವೆ ಗೋಪಾಲಸ್ವಾಮಿ ಹೊಂಡ ಇದೆ. ಸುತ್ತಲಿನ ಕಲ್ಲುಗುಡ್ಡದ ಮೇಲೆ ಬಿದ್ದ ಮಳೆ ಇಳಿದು ಬಂದು ಅಲ್ಲಿ ನಿಲ್ಲುತ್ತದೆ. ಅದು ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಇನ್ನೂ ಕೆಳಗೆ ಸಿಹಿನೀರು ಹೊಂಡಕ್ಕೆ. ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಪಂಪಿಲ್ಲ, ಪೈಪಿಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ಹುಡುಗ ಎದ್ದು ನಿಂತ. ಯಾವ ಕಡೆ ಇಳಿಜಾರು ಅಂತ ತಾನೇ ನೋಡುತ್ತಾ ಹೊರಟ. ಬಿಸಿಲು ಅಷ್ಟೇ ಇತ್ತು, ಆದರೆ ಅವನಿಗೆ ಈಗ ಒಂದು ಕೆಲಸ ಸಿಕ್ಕಿತ್ತು.

ಓಬವ್ವನ ಕಿಂಡಿಯಲ್ಲಿ ಎಲ್ಲರೂ ಫೋಟೋಗೆ ಕ್ಯೂ ನಿಂತಿರುತ್ತಾರೆ. ಬಗ್ಗಿ ನುಸುಳುವುದು, ನಗುವುದು, ಕ್ಲಿಕ್, ಮುಗೀತು. ನೀವು ಸ್ವಲ್ಪ ಪಕ್ಕಕ್ಕೆ ಹೋಗಿ ತಣ್ಣೀರು ದೋಣಿ ನೋಡಿ. ಚಿಕ್ಕ ಜಾಗ, ತಂಪು ನೀರು. ಓಬವ್ವನ ಕಥೆ ನಮಗೆಲ್ಲ ಗೊತ್ತಲ್ವಾ? ಗಂಡ ಕಾವಲಿನಿಂದ ಊಟಕ್ಕೆ ಬಂದಿದ್ದ. ಅವನಿಗೆ ಕುಡಿಯಲು ನೀರು ತರೋಣ ಅಂತ ಅವಳು ಹೊರಟಾಗಲೇ ಕಿಂಡಿ ಕಡೆಯಿಂದ ಸದ್ದು ಕೇಳಿದ್ದು. ಒಬ್ಬೊಬ್ಬನೇ ತೂರಿ ಬರುತ್ತಿದ್ದ ಹೈದರನ ಸೈನಿಕ, ಅವಳ ಕೈಯಲ್ಲಿ ಒನಕೆ. ಕಥೆ ಹೇಳುವಾಗ ನಾವು ಒನಕೆಯನ್ನೇ ಹಿಡಿದುಕೊಳ್ಳುತ್ತೇವೆ, ಬಿಂದಿಗೆಯನ್ನು ಮರೆಯುತ್ತೇವೆ. ಆ ಹುಡುಗನಿಗೆ ನೆನಪಿರುವುದು ಬಿಂದಿಗೆಯೇ.

ಮಕ್ಕಳಿಗೆ ಹಿಡಿಸುವ ಇನ್ನೆರಡು ಜಾಗ ಕೋಟೆಯೊಳಗಿವೆ. ಒಂದು, ಸಿಡಿಮದ್ದು ಬೀಸುವ ಕಲ್ಲುಗಳು. ಗುಂಡನೆಯ ಗುಂಡಿ, ಅದರೊಳಗೆ ಆಳೆತ್ತರದ ನಾಲ್ಕು ಬೀಸುಕಲ್ಲು. ಅವನ್ನು ಹೇಗೆ ತಿರುಗಿಸುತ್ತಿದ್ದರು ಅಂತ ಮಕ್ಕಳನ್ನೇ ಕೇಳಿ, ಉತ್ತರ ನೀವು ಹೇಳಬೇಡಿ. ಇನ್ನೊಂದು, ಹಿಡಿಂಬೇಶ್ವರ ಗುಡಿ. ಭೀಮ ಹಿಡಿಂಬನನ್ನು ಕೊಂದದ್ದು ಈ ಬೆಟ್ಟದಲ್ಲೇ ಅನ್ನುವುದು ನಮ್ಮ ಕಡೆಯ ಕಥೆ. ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ಒಂದನ್ನು ತೋರಿಸುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಒಂಬತ್ತು ವರ್ಷದವನಿಗೆ ರಾಕ್ಷಸನ ಹಲ್ಲಿಗಿಂತ ದೊಡ್ಡ ಮ್ಯೂಸಿಯಂ ಬೇಕಾ?

ಮ್ಯೂಸಿಯಂ ಅಂದ ಕೂಡಲೇ ನೆನಪಾಯಿತು. ರಂಗಯ್ಯನ ಬಾಗಿಲ ಹತ್ತಿರ ಸರ್ಕಾರಿ ವಸ್ತು ಸಂಗ್ರಹಾಲಯ ಇದೆ. ಬಹಳ ಜನ ಅದರ ಮುಂದೆಯೇ ಕಾರು ಓಡಿಸಿಕೊಂಡು ಹೋಗುತ್ತಾರೆ, ಒಳಗೆ ಕಾಲಿಡುವುದಿಲ್ಲ. ಹಳೇ ಆಯುಧಗಳು, ನಾಣ್ಯಗಳು, ಶಿಲ್ಪಗಳು ಅಲ್ಲಿವೆ. ನನ್ನ ಲೆಕ್ಕದಲ್ಲಿ ಇದನ್ನು ಕೋಟೆ ಹತ್ತಿ ಸುಸ್ತಾದ ಮೇಲೆ ನೋಡುವುದೇ ಒಳ್ಳೆಯದು. ಕೋಟೆಯ ಗೋಡೆ ಮುಟ್ಟಿ ಬಂದ ಮಗು ಗಾಜಿನೊಳಗಿನ ಕತ್ತಿ ನೋಡಿ ನಿಲ್ಲುತ್ತದೆ. ಮೊದಲೇ ಕರೆದುಕೊಂಡು ಹೋದರೆ ಐದು ನಿಮಿಷಕ್ಕೆ "ಹೋಗೋಣ" ಅನ್ನುತ್ತದೆ. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ.

ಮಾರನೇ ದಿನ ಬೆಳಗ್ಗೆ ಬೇಗ ಎದ್ದು ಚಂದ್ರವಳ್ಳಿಗೆ ಹೋದೆವು. ಬುದ್ಧಿ ಬಂದಿತ್ತು ನೋಡಿ! ಬೆಟ್ಟಗಳ ನಡುವೆ ಕೆರೆ, ದಡದಲ್ಲಿ ಮರ, ಗಾಳಿ. ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರ ಒಂದು ಬಂಡೆ ಇದೆ. ಅದರ ಮೇಲೆ ಕದಂಬರ ಮಯೂರಶರ್ಮನ ಶಾಸನ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ನಮ್ಮಂಥವರಿಗೆ ಓದಲು ಬರುವುದಿಲ್ಲ ಬಿಡಿ. ಆದರೆ ಅದರಲ್ಲಿ ಏನು ಬರೆದಿದೆ ಗೊತ್ತಾ? ಮಯೂರಶರ್ಮ ಕೆರೆ ಕಟ್ಟಿಸಿದ ಅಂತ. ಯಾರ್ಯಾರನ್ನೋ ಗೆದ್ದ ಪಟ್ಟಿಯೂ ಉಂಟು, ಆದರೂ ಕೆರೆಯನ್ನು ಬಿಟ್ಟಿಲ್ಲ. ಇದನ್ನು ಹೇಳಿದಾಗ ಹುಡುಗ ಶಾಸನ ನೋಡಿದ, ಕೆರೆ ನೋಡಿದ, ಮತ್ತೆ ಶಾಸನ ನೋಡಿದ. "ಇಲ್ಲೂ ನೀರಾ!" ಅಂದ.

ಈ ಜಾಗವನ್ನು 1929ರ ಸುಮಾರಿಗೆ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅಗೆಸಿದರು. ಆಮೇಲೆ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಇಲ್ಲಿ ಸಿಕ್ಕಿವೆ. ಅಂದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ದುಡ್ಡು ನಮ್ಮೂರಿನವರ ಕೈಯಲ್ಲಿ ಓಡಾಡಿದೆ! ಅಂಕಲಿ ಮಠದ ಗುಹೆಗೂ ಇಳಿಯಿರಿ. ಕೋಣೆಯೊಳಗೊಂದು ಕೋಣೆ, ಕಗ್ಗತ್ತಲೆ. ಟಾರ್ಚ್ ಬೇಕೇ ಬೇಕು, ಜಾಗ ಗೊತ್ತಿರುವವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮೊಬೈಲ್ ಬೆಳಕು ನಂಬಿಕೊಂಡು ಹೋಗಿ ಒಳಗೆ ಚಾರ್ಜ್ ಮುಗಿದವರ ಕಥೆ ನನ್ನ ಹತ್ತಿರವೂ ಒಂದಿದೆ, ಇನ್ನೊಂದು ದಿನ ಹೇಳುತ್ತೇನೆ.

ತೀರಾ ಚಿಕ್ಕ ಮಕ್ಕಳಿದ್ದರೆ ಜೋಗಿಮಟ್ಟಿ ದಾರಿಯ ಆಡುಮಲ್ಲೇಶ್ವರ ಕಿರು ಮೃಗಾಲಯ ಸಾಕು.

ಇನ್ನೊಂದು ದಿನ ಇದ್ದರೆ ಎರಡು ದಾರಿ. ಹಿರಿಯೂರು ಕಡೆ ಹೋದರೆ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ಮೈಸೂರು ಅರಸರ ಕಾಲದಲ್ಲಿ 1907ಕ್ಕೆ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಮಧ್ಯೆ 89 ವರ್ಷ. ಆ ಸಲ ಅಜ್ಜಂದಿರು ಸಹ ಮಕ್ಕಳ ಹಾಗೆ ಕೋಡಿ ನೋಡಲು ಓಡಿದ್ದರು.

ದಾವಣಗೆರೆ ಕಡೆ ಹೋದರೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. ಅಲ್ಲಿನ ಪುಷ್ಕರಣಿಯ ನಾಲ್ಕೂ ಕಡೆ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ, ಎದುರಿಗೇ ಮುಸಾಫಿರ್ ಖಾನಾ, ಅಂದರೆ ಪ್ರಯಾಣಿಕರ ತಂಗುಮನೆ. ನನ್ನನ್ನು ಕೇಳಿದರೆ ಈ ಭಾಗದ ಎಲ್ಲಕ್ಕಿಂತ ಚೆಂದದ ಕಟ್ಟಡ ಇದೇ, ದುರ್ಗದವರು ಬೈದರೂ ಪರವಾಗಿಲ್ಲ. ಅಲ್ಲಿಂದ ಸೂಳೆಕೆರೆ ದೂರವಿಲ್ಲ. ಈಗ ಶಾಂತಿಸಾಗರ ಅನ್ನುತ್ತಾರೆ. ದುರ್ಗದ ನಲ್ಲಿಗೆ ಕುಡಿಯುವ ನೀರು ಆ ಕೆರೆಯಿಂದಲೂ ಬರುತ್ತದೆ, ಇದನ್ನು ಕೆರೆ ಏರಿ ಮೇಲೆ ನಿಂತು ಮಕ್ಕಳಿಗೆ ಹೇಳಿ. ವಾಪಸ್ ಬರುವಾಗ ದಾವಣಗೆರೆಯಲ್ಲಿ ಗಾಜಿನ ಮನೆ ನೋಡಬಹುದು. ಬೆಣ್ಣೆದೋಸೆ, ಮಂಡಕ್ಕಿ, ಮಿರ್ಚಿ ಬಗ್ಗೆ ನಾನು ಹೇಳುವುದಿಲ್ಲ, ನಿಮ್ಮ ಮೂಗೇ ದಾರಿ ತೋರಿಸುತ್ತದೆ.

ನಾಟಕದ ಹುಚ್ಚಿದ್ದವರು ನವೆಂಬರ್‌ನಲ್ಲಿ ಬನ್ನಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ ನಡೆಯುತ್ತದೆ. ಬಯಲು ರಂಗಮಂದಿರ, ಮೆಟ್ಟಿಲ ಮೇಲೆ ಸಾವಿರಾರು ಜನ. ಚಳಿ ಇರುತ್ತದೆ, ಮಕ್ಕಳಿಗೆ ಸ್ವೆಟರ್ ಮರೆಯಬೇಡಿ.

ಆ ಹುಡುಗ ಊರಿಗೆ ಹೋಗುವ ಸಂಜೆ ಸಂತೆಹೊಂಡದ ಹತ್ತಿರ ಕಾರು ನಿಲ್ಲಿಸಲು ಹೇಳಿದ. ಬೇಸಿಗೆ, ನೀರು ತಳ ಸೇರಿತ್ತು. ಇಣುಕಿ ನೋಡಿ ಮಾತಾಡದೆ ಬಂದು ಕೂತ. ಆಮೇಲೆ ಮಳೆಗಾಲದಲ್ಲಿ ಒಂದು ರಾತ್ರಿ ಅವನದೇ ಫೋನ್. ಹೇಗಿದೀಯಾ ಮಾಮಾ ಅಂತ ಇಲ್ಲ, ಊಟ ಆಯ್ತಾ ಅಂತ ಇಲ್ಲ.

"ಮಾಮಾ, ಟೀವಿಲಿ ದುರ್ಗದಲ್ಲಿ ಮಳೆ ಅಂದ್ರು. ಗೋಪಾಲಸ್ವಾಮಿ ಹೊಂಡ ತುಂಬ್ತಾ? ಅಕ್ಕ ತಂಗಿಗೆ ಬಂತಾ?"

ಬೆಳಗ್ಗೆ ಎದ್ದು ನೋಡಿ ಬಂದು ಹೇಳುತ್ತೇನೆ ಅಂದೆ. ಕೊಡೆ ಹಿಡಿದು ಹೋದೆ ಕೂಡ.

ನಮಸ್ಕಾರ.