‘ಅಣ್ವಸ್ತ್ರ’ ಎಂಬ ಮಾತಿನ ಒಳಗೆ

ಕೇಳುಗರಿಗೆ ನಮಸ್ಕಾರ.

‘ಅಣ್ವಸ್ತ್ರ’. ವಾರ್ತೆಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇವೋ! ಶಾಲೆಯಲ್ಲಿ ಯಣ್ ಸಂಧಿ ಕಲಿತವರಿಗೆ ಬಿಡಿಸುವುದು ಕಷ್ಟವಲ್ಲ: ಅಣು, ಅಸ್ತ್ರ. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಎಸೆಯುವುದು ಅಸ್ತ್ರ. ಅಷ್ಟು ಸರಿ. ತೊಡಕಿರುವುದು ‘ಅಣು’ವಿನಲ್ಲಿ. ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಅಣು ಎಂದರೆ ಮಾಲಿಕ್ಯೂಲ್. ಆಟಮ್‌ಗೆ ಪರಮಾಣು ಎನ್ನುತ್ತೇವೆ. ಬಾಂಬಿನಲ್ಲಿ ಒಡೆಯುವುದಾದರೋ ಪರಮಾಣುವಿನ ನಡುವೆ ಕೂತಿರುವ ನ್ಯೂಕ್ಲಿಯಸ್. ಅದಕ್ಕೇ ಕೆಲವರು ‘ಬೈಜಿಕ ಅಸ್ತ್ರ’ ಎಂದು ಬರೆಯುತ್ತಾರೆ. ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ. ನ್ಯೂಕ್ಲಿಯಸ್ ಎಂಬ ಲ್ಯಾಟಿನ್ ಪದಕ್ಕೂ ಕಾಯಿಯೊಳಗಿನ ತಿರುಳು, ಬೀಜ ಎಂದೇ ಅರ್ಥ.

‘ಅಟಾಮಿಕ್ ಬಾಂಬ್’ ಎಂಬ ಹೆಸರು ಬಾಂಬಿಗಿಂತ ಮೊದಲೇ ಹುಟ್ಟಿತ್ತು. 1914ರಲ್ಲೇ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಕಾದಂಬರಿಯೊಂದರಲ್ಲಿ ಅದನ್ನು ಬಳಸಿದ್ದರು.

1938ರ ಕೊನೆಗೆ ಬರ್ಲಿನ್‌ನಲ್ಲಿ ರಸಾಯನವಿಜ್ಞಾನಿಗಳಾದ ಒಟ್ಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿದಾಗ ಅದಕ್ಕಿಂತ ತುಂಬ ಹಗುರವಾದ ಬೇರಿಯಂ ಎಂಬ ಧಾತು ಸಿಕ್ಕಿತು. ಯುರೇನಿಯಂನ ನ್ಯೂಕ್ಲಿಯಸ್ ಎರಡು ಹೋಳಾಗಿದೆ ಎಂದು ಅದರ ಅರ್ಥ ಬಿಡಿಸಿದವರು ಭೌತವಿಜ್ಞಾನಿಗಳಾದ ಲೀಸ ಮೈಟ್ನರ್ ಮತ್ತು ಅವರ ಅಕ್ಕನ ಮಗ ಒಟ್ಟೊ ಫ್ರಿಷ್. ಇದಕ್ಕೊಂದು ಹೆಸರು ಬೇಕಲ್ಲ? ಕೋಪನ್‌ಹೇಗನ್‌ನಲ್ಲಿದ್ದ ಅಮೆರಿಕದ ಜೀವವಿಜ್ಞಾನಿ ವಿಲಿಯಂ ಆರ್ನಲ್ಡ್ ಅವರನ್ನು ಫ್ರಿಷ್ ಕೇಳಿದರು: ಜೀವಕೋಶ ಒಂದು ಎರಡಾಗುವುದಕ್ಕೆ ನೀವು ಏನೆನ್ನುತ್ತೀರಿ? ‘ಫಿಷನ್’ ಎಂಬ ಉತ್ತರ ಬಂತು. ಅದೇ ನಿಂತಿತು.

ಕನ್ನಡದಲ್ಲಿ ಅದು ವಿದಳನ. ದ್ವಿದಳ ಧಾನ್ಯ ಎನ್ನುವಾಗಿನ ‘ದಳ’ವೇ ಇಲ್ಲಿಯೂ ಇದೆ. ತೊಗರಿಯನ್ನು ಬೀಸುಕಲ್ಲಿಗೆ ಹಾಕಿ ಮೆಲ್ಲನೆ ತಿರುಗಿಸಿದರೆ ಕಾಳು ನಡುವೆ ಸೀಳಿ, ಎರಡು ಬೇಳೆಯಾಗಿ, ಹೊಟ್ಟಿನ ಜೊತೆ ಕಲ್ಲಿನ ಅಂಚಿನಿಂದ ಉದುರುತ್ತದೆ. ಬೀಜ, ಬೇಳೆ, ಬೆಳೆಯುವ ಜೀವಕೋಶ. ಬದುಕಿನ ಮಾತುಗಳನ್ನೇ ಎತ್ತಿ ಈ ಅಸ್ತ್ರಕ್ಕೆ ಕೊಟ್ಟುಬಿಟ್ಟಿದ್ದೇವೆ. ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1945ರ ಆಗಸ್ಟ್ 6, ಬೆಳಗ್ಗೆ 8.15, ಹಿರೋಶಿಮಾ. ಬಾಂಬಿನಲ್ಲಿದ್ದ ಸುಮಾರು 64 ಕಿಲೋ ಯುರೇನಿಯಂನಲ್ಲಿ ವಿದಳನವಾದದ್ದು ಒಂದು ಕಿಲೋಗೂ ಕಡಿಮೆ. ಊರಿನ ಜನಕ್ಕೆ ಯುರೇನಿಯಂ ಗೊತ್ತಿಲ್ಲ, ನ್ಯೂಕ್ಲಿಯಸ್ ಗೊತ್ತಿಲ್ಲ. ಕಂಡದ್ದಕ್ಕೆ ತಾವೇ ಹೆಸರಿಟ್ಟರು: ‘ಪಿಕಾದೊನ್’. ಪಿಕಾ ಎಂದರೆ ಫಳ್ಳನೆ ಹೊಳೆದದ್ದು, ದೊನ್ ಎಂದರೆ ಢಮ್ಮೆಂದದ್ದು. ತೀರಾ ಹತ್ತಿರವಿದ್ದೂ ಬದುಕುಳಿದ ಅನೇಕರು ‘ಪಿಕಾ’ ಎಂದಷ್ಟೇ ಹೇಳುತ್ತಿದ್ದರು. ಸದ್ದು ಕೇಳಿದ ನೆನಪೇ ಅವರಿಗಿರಲಿಲ್ಲ.

ನಮಸ್ಕಾರ.