ಗ್ಯಾರಂಟಿ ಕೊಡಲಾಗದ ಕೆಲಸ

ಕೇಳುಗರಿಗೆ ನಮಸ್ಕಾರ.

ನಾನು ಸಣ್ಣ ವ್ಯವಹಾರಗಳಿಗೆ ಪ್ರಚಾರದ ಕೆಲಸ ಮಾಡಿಕೊಡುತ್ತೇನೆ. ಯಾವ ಏಜೆನ್ಸಿಯಲ್ಲೂ ಸಂಬಳಕ್ಕಿಲ್ಲ, ಫ್ರೀಲ್ಯಾನ್ಸ್. ಇಬ್ಬರು ಮೂವರು ಸೇರಿ ನಡೆಸುವ ಹೊಲಿಗೆ ಅಂಗಡಿ, ಸೈಕಲ್ ರಿಪೇರಿ ಅಂಗಡಿ, ಮನೆಮಂದಿಯೇ ದುಡಿಯುವ ಪ್ರಿಂಟಿಂಗ್ ಪ್ರೆಸ್, ಇಂಥವರೇ ನನ್ನ ಕ್ಲೈಂಟುಗಳು. ದೊಡ್ಡ ಏಜೆನ್ಸಿಯ ಫೀಸು ಇವರ ಕೈಗೆ ಎಟುಕುವುದಿಲ್ಲ. ಹೇಳಿಕೊಳ್ಳುವ ವಿಷಯ ಇವರಲ್ಲಿ ಬೇಕಾದಷ್ಟಿರುತ್ತದೆ. ಹೇಳುವುದಕ್ಕೆ ಪುರುಸೊತ್ತಿರುವುದಿಲ್ಲ, ಯಾರಿಗೆ ಹೇಳಬೇಕು ಅನ್ನುವುದೂ ಗೊತ್ತಿರುವುದಿಲ್ಲ.

ಮೊದಲ ಭೇಟಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನಮ್ಮ ಸುದ್ದಿ ಪೇಪರಲ್ಲಿ ಬರುತ್ತೆ ಅಂತ ಗ್ಯಾರಂಟಿ ಕೊಡ್ತೀರಾ?" ನಾನು ಕೊಡುವುದಿಲ್ಲ. ಕೊಡುತ್ತೇನೆ ಅನ್ನುವವರು ಸಿಕ್ಕರೆ ಹುಷಾರಾಗಿರಿ ಅಂತಲೂ ಹೇಳುತ್ತೇನೆ.

ಯಾಕೆ ಅಂದರೆ, ಜಾಹೀರಾತಿಗೆ ದುಡ್ಡು ಕೊಟ್ಟರೆ ಜಾಗ ನಿಮ್ಮದು. ನೀವು ಬರೆದುಕೊಟ್ಟಿದ್ದೇ ಅಚ್ಚಾಗುತ್ತದೆ. ಸುದ್ದಿ ಹಾಗಲ್ಲ. ಅದನ್ನು ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸಂಪಾದಕರು. ನಿಮ್ಮ ಕೈಯಲ್ಲಿ ಇಲ್ಲ ಅನ್ನುವ ಕಾರಣಕ್ಕೇ ಓದುವವರು ಅದನ್ನು ನಂಬುತ್ತಾರೆ. ಬಂದೇ ಬರುತ್ತದೆ ಅಂತ ಮೊದಲೇ ಮಾತು ಕೊಡಬಹುದಾದರೆ ಅದು ಜಾಹೀರಾತೇ ಆಯಿತಲ್ವಾ?

ಈ ಗೆರೆಯನ್ನು ನೂರು ವರ್ಷಕ್ಕೂ ಹಿಂದೆಯೇ ಒಬ್ಬರು ಎಳೆದಿದ್ದರು. ಅಮೆರಿಕದ ಐವಿ ಲೀ. ಮೊದಲು ಪತ್ರಿಕೆಗಳಲ್ಲಿ ವರದಿಗಾರರಾಗಿದ್ದವರು. 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಪ್ರಚಾರದ ಕೆಲಸ ಹಿಡಿದಾಗ ಸಂಪಾದಕರಿಗೆಲ್ಲ ಒಂದು ಪತ್ರ ಕಳಿಸಿದರು. ನಮ್ಮದು ಗುಟ್ಟಿನ ಕೆಲಸವಲ್ಲ, ನಾವು ಕೊಡುವುದು ಸುದ್ದಿ, ಇದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದ ವಿಷಯ ಅಂತ ನಿಮಗೆ ಅನ್ನಿಸಿದರೆ ದಯವಿಟ್ಟು ಹಾಕಬೇಡಿ ಅನ್ನುವುದು ಅದರ ಸಾರ. ಅದೇ ವರ್ಷದ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ಲೀ ಕೊಟ್ಟ ಸಲಹೆ, ಮುಚ್ಚಿಡಬೇಡಿ ಅಂತ. ಕಂಪನಿಯೇ ವಿವರ ಬರೆದು ಪತ್ರಿಕೆಗಳಿಗೆ ಕೊಟ್ಟಿತು, ವರದಿಗಾರರನ್ನು ಅಪಘಾತದ ಜಾಗಕ್ಕೆ ಕರೆದುಕೊಂಡು ಹೋಯಿತು. ಇವತ್ತು ನಾವು ಪತ್ರಿಕಾ ಪ್ರಕಟಣೆ ಅನ್ನುವುದಕ್ಕೆ ಅದೇ ಮೊದಲು ಅಂತ ಈ ಕಸುಬಿನವರು ಹೇಳುತ್ತಾರೆ.

ಅದೇ ಲೀ ಅವರ ಇನ್ನೊಂದು ಕಥೆಯನ್ನೂ ಹೇಳಲೇಬೇಕು. 1914ರಲ್ಲಿ ಕೊಲೊರಾಡೊದ ಲಡ್ಲೊ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು, ಹೆಂಗಸರು ಮಕ್ಕಳೂ ಸತ್ತರು. ಆಮೇಲೆ ಗಣಿ ಮಾಲೀಕರ ಪರವಾಗಿ ಲೀ ಹೊರಡಿಸಿದ ಪ್ರಕಟಣೆಗಳಲ್ಲಿ ತಪ್ಪು ಅಂಕಿಗಳಿದ್ದವು. ಕಾರ್ಮಿಕ ಮುಖಂಡರ ಇಡೀ ವರ್ಷದ ಸಂಬಳವನ್ನು ಒಂಬತ್ತು ವಾರದ್ದು ಎಂದು ತೋರಿಸಲಾಗಿತ್ತು. ಸರ್ಕಾರದ ಆಯೋಗ ವಿಚಾರಣೆ ಮಾಡಿದಾಗ, ಮಾಲೀಕರು ಕೊಟ್ಟ ಮಾಹಿತಿ ನಿಜವೋ ಅಲ್ಲವೋ ಅಂತ ತಾವು ಪರೀಕ್ಷಿಸಲೇ ಇಲ್ಲ ಎಂದು ಲೀ ಒಪ್ಪಿಕೊಂಡರು. 1906ರ ಆ ಪತ್ರದಲ್ಲಿ ನಮ್ಮ ವಿಷಯ ನಿಖರ ಅಂತ ಬರೆದುಕೊಟ್ಟಿದ್ದವರು! ನನಗೆ ಈ ಕಥೆಯೇ ಜಾಸ್ತಿ ಮುಖ್ಯ. ಕ್ಲೈಂಟು ಹೇಳಿದ್ದನ್ನು ಸುಮ್ನೆ ದಾಟಿಸುವುದು ನಮ್ಮ ಕೆಲಸವಲ್ಲ. ಹಾಗೆ ದಾಟಿಸಿದರೆ ಹೋಗುವುದು ನಮ್ಮ ಹೆಸರು. ಫ್ರೀಲ್ಯಾನ್ಸ್ ಮಾಡುವವರಿಗೆ ಹೆಸರು ಬಿಟ್ಟರೆ ಬೇರೆ ಬಂಡವಾಳ ಏನಿದೆ?

ಸರಿ, ದಿನದ ಕೆಲಸಕ್ಕೆ ಬರೋಣ. ಅದರ ಬಹುಪಾಲು ಕೇಳಿಸಿಕೊಳ್ಳುವುದು. ಒಂದು ಹೊಲಿಗೆ ಅಂಗಡಿ ಅಂತಿಟ್ಟುಕೊಳ್ಳಿ. ನಡೆಸುವ ಅಕ್ಕ "ನಮ್ಮದು ಒಳ್ಳೇ ಕ್ವಾಲಿಟಿ, ಅದನ್ನೇ ಬರೆಯಿರಿ" ಅನ್ನುತ್ತಾರೆ. ಒಳ್ಳೇ ಕ್ವಾಲಿಟಿ ಯಾವ ಸುದ್ದಿಮನೆಗೂ ಸುದ್ದಿಯಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ. ನಾನು ಸುಮ್ಮನೆ ಕೂತು ಬೇರೆ ಏನೇನೋ ಕೇಳುತ್ತೇನೆ. ಮೊದಲಿಗೂ ಈಗಿಗೂ ಏನು ವ್ಯತ್ಯಾಸ? ಯಾರು ಬರುತ್ತಾರೆ? ಯಾವ ಕೆಲಸಕ್ಕೆ ಇಲ್ಲ ಅನ್ನುತ್ತೀರಿ? ಮಾತಿನ ನಡುವೆ ಅವರು, "ಹೊಸ ಬಟ್ಟೆ ತರೋರು ಕಡಿಮೆ ಆದ್ರು ಬಿಡಿ, ಹಳೇದನ್ನೇ ತಂದು ಸಣ್ಣ ಮಾಡಿಕೊಡಿ, ದೊಡ್ಡ ಮಾಡಿಕೊಡಿ ಅಂತಾರೆ" ಅಂದುಬಿಡುತ್ತಾರೆ. ಸುದ್ದಿ ಅದು. ಜನ ಬಟ್ಟೆಯ ಬಗ್ಗೆ ಯೋಚಿಸುವ ರೀತಿ ಬದಲಾಗಿದೆ ಅಂತ ಆ ಒಂದು ಮಾತು ಹೇಳುತ್ತದೆ. ಅವರಿಗೆ ಅದು ದಿನನಿತ್ಯದ ಸಂಗತಿ, ಹೇಳುವಂಥದ್ದು ಅಂತಲೇ ಅನ್ನಿಸಿರುವುದಿಲ್ಲ.

ಆದರೆ ಕೂಡಲೇ ಬರೆಯಲು ಕೂರುವಂತಿಲ್ಲ. ಆರ್ಡರ್ ಪುಸ್ತಕ ತೆಗೆಸಬೇಕು. ಈ ವರ್ಷದ್ದು, ಹೋದ ವರ್ಷದ್ದು ಎರಡನ್ನೂ ಎಣಿಸಬೇಕು. ಮಾತಿನಲ್ಲಿ ಬಂದದ್ದು ಪುಸ್ತಕದಲ್ಲೂ ಇದ್ದರೆ ಸರಿ. ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡಬೇಕು. ಎಷ್ಟೇ ಚೆಂದದ ಸುದ್ದಿಯಾದರೂ ಸರಿ.

ಬರೆಯುವ ಕೆಲಸ ಇದಕ್ಕಿಂತ ಸುಲಭ. ಒಂದು ಪುಟ ಸಾಕು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಅನ್ನುವುದು ಮೊದಲ ಪ್ಯಾರಾದಲ್ಲೇ ಇರಲಿ, ಏಕೆಂದರೆ ಜಾಗ ಸಾಲದಿದ್ದರೆ ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾರೆ. ಫೋಟೋಗೆ ಅಡಿಬರಹ ಇರಲಿ. ಫೋನ್ ಮಾಡಿದರೆ ನಿಜವಾಗಿಯೂ ಎತ್ತುವವರ ನಂಬರು ಇರಲಿ.

ಯಾರಿಗೆ ಕಳಿಸಬೇಕು ಅನ್ನುವುದರಲ್ಲಿ ಹೊಸಬರು ಎಡವುತ್ತಾರೆ. ಸಿಕ್ಕ ವಿಳಾಸಗಳಿಗೆಲ್ಲ ಒಂದೇ ಮೇಲ್ ಕಳಿಸಿಬಿಡುತ್ತಾರೆ. ಕ್ರೀಡಾ ವರದಿಗಾರರಿಗೆ ಹೊಲಿಗೆ ಅಂಗಡಿಯ ಸುದ್ದಿ ಹೋದರೆ, ಮುಂದಿನ ಸಲ ನಿಮ್ಮ ಹೆಸರು ನೋಡಿದ ಕೂಡಲೇ ಅಳಿಸುತ್ತಾರೆ. ಇಂಥ ವಿಷಯ ಬರೆಯುವವರು ಯಾರು ಅಂತ ಹುಡುಕಿ, ಅವರು ಈಚೆಗೆ ಬರೆದದ್ದನ್ನು ಓದಿ, ಅವರಿಗೊಬ್ಬರಿಗೇ ನಾಲ್ಕು ಸಾಲು ಬರೆಯಿರಿ. ಮಾಸಿಕಗಳು ತಿಂಗಳುಗಟ್ಟಲೆ ಮೊದಲೇ ಸಂಚಿಕೆ ಯೋಚಿಸುತ್ತವೆ. ದಿನಪತ್ರಿಕೆಗೆ ಕೆಲವು ದಿನ ಸಾಕು. ರೇಡಿಯೋಗೆ ಬೇಕಾದದ್ದು ಚೆನ್ನಾಗಿ ಮಾತಾಡುವ ಮನುಷ್ಯರು. ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಮತ್ತೆ ಮತ್ತೆ ಬೇಡ.

ಕಳಿಸುವ ಮೊದಲು ಕ್ಲೈಂಟನ್ನು ನಾನು ತಪ್ಪದೆ ಕೇಳುವ ಮಾತೊಂದಿದೆ. ವಾರಕ್ಕೆ ಎಷ್ಟು ಆರ್ಡರ್ ತಡೆದುಕೊಳ್ಳುತ್ತೀರಿ? ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಅದು ನನಗೆ ಬೇಸರ. ಮೂವರಿರುವ ಅಂಗಡಿಗೆ ಒಂದೇ ದಿನ ರಾಶಿ ಫೋನ್ ಬಂದರೆ ಏನಾಗುತ್ತದೆ? ಹೊಸಬರಿಗೆ ಕೆಲಸ ತಡವಾಗುತ್ತದೆ, ಹಳೇ ಗಿರಾಕಿಗಳು ಮುನಿಸಿಕೊಳ್ಳುತ್ತಾರೆ. ಬಂದ ಒಳ್ಳೇ ಹೆಸರೇ ಕೆಟ್ಟ ಹೆಸರಾಗುತ್ತದೆ. ತಡೆಯಲಾರರು ಅನ್ನಿಸಿದರೆ ಒಂದೆರಡು ತಿಂಗಳು ಕಾಯೋಣ ಅನ್ನುತ್ತೇನೆ. ನನ್ನ ಬಿಲ್ಲು ಅಷ್ಟು ತಡವಾಗುತ್ತದೆ, ಆಗಲಿ.

ದುಡ್ಡಿನ ಮಾತನ್ನು ಬಾಯಿಮಾತಿನಲ್ಲಿ ಬಿಡಬಾರದು. ತಿಂಗಳ ಲೆಕ್ಕವೋ, ಒಂದು ಕೆಲಸದ ಲೆಕ್ಕವೋ, ಎಷ್ಟು ಸಲ ತಿದ್ದಿಕೊಡುತ್ತೇನೆ, ಓದಿ ಒಪ್ಪಿಗೆ ಕೊಡುವವರು ಯಾರು, ಅಡ್ವಾನ್ಸ್ ಎಷ್ಟು, ಎಲ್ಲ ಕಾಗದದ ಮೇಲಿರಲಿ. "ಅಚ್ಚಾದರೆ ಇಷ್ಟು, ಆಗದಿದ್ದರೆ ಇಲ್ಲ" ಅನ್ನುವ ಒಪ್ಪಂದ ಮಾತ್ರ ಬೇಡ. ಹಾಗೆ ಮಾಡಿಕೊಂಡರೆ, ಹೇಗಾದರೂ ಅಚ್ಚಾಗಲಿ ಅಂತ ವಿಷಯವನ್ನು ಉಬ್ಬಿಸುವ ಆಸೆ ಹುಟ್ಟುತ್ತದೆ. ವರದಿಗಾರರಿಗೆ ದುಡ್ಡಿನ ಕವರು ಕೊಡುವ ಆಸೆಯೂ ಹುಟ್ಟಬಹುದು. ನಾನು ಫೀಸು ತೆಗೆದುಕೊಳ್ಳುವುದು ಮಾಡಿದ ಕೆಲಸಕ್ಕೆ.

ಕೆಲವರು ಸುಳ್ಳು ರಿವ್ಯೂ ಬರೆಸಿಕೊಡಿ ಅಂತಲೂ ಕೇಳುತ್ತಾರೆ. ಅಮೆರಿಕದಲ್ಲಿ 2024ರಲ್ಲಿ ಇದನ್ನು ನಿಷೇಧಿಸುವ ನಿಯಮವೇ ಬಂತು. ನಿಯಮ ಇರಲಿ ಬಿಡಲಿ, ಗೊತ್ತೇ ಇಲ್ಲದ ಗಿರಾಕಿಯ ಹೆಸರಿನಲ್ಲಿ ಹೊಗಳಿಕೆ ಬರೆಯುವುದು ನನ್ನಿಂದಾಗದು.

ಇನ್ನು, ಪ್ರಯೋಜನ ಆಯಿತೋ ಇಲ್ಲವೋ ಅಂತ ಅಳೆಯುವುದು ಹೇಗೆ? ಸುದ್ದಿ ಬಂದ ಜಾಗಕ್ಕೆ ಜಾಹೀರಾತಾದರೆ ಎಷ್ಟು ಕೊಡಬೇಕಿತ್ತು ಅಂತ ಲೆಕ್ಕ ಹಾಕಿ ದೊಡ್ಡ ಮೊತ್ತ ತೋರಿಸುವ ಅಭ್ಯಾಸ ಬಹಳ ದಿನದಿಂದ ಇದೆ. ಆ ಲೆಕ್ಕ ಪಿ.ಆರ್., ಅಂದರೆ ಸಾರ್ವಜನಿಕ ಸಂಪರ್ಕದ ಕೆಲಸದ ಬೆಲೆಯಲ್ಲ ಎಂದು 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಹಲವು ದೇಶಗಳ ಪಿ.ಆರ್. ಮಂದಿಯೇ ತೀರ್ಮಾನಿಸಿದರು. ಸಣ್ಣ ಅಂಗಡಿಗೆ ಒಂದು ನೋಟ್‌ಬುಕ್ ಸಾಕು. ಹೊಸ ಗಿರಾಕಿ ಬಂದಾಗ "ನಮ್ಮ ಬಗ್ಗೆ ಎಲ್ಲಿ ಕೇಳಿದ್ರಿ?" ಅಂತ ಕೇಳಿ ಬರೆದಿಡಬೇಕು. ಪೇಪರು, ರೇಡಿಯೋ, ಪಕ್ಕದ ಮನೆಯವರು, ಏನು ಹೇಳಿದರೂ ಅದನ್ನೇ. ಮೂರು ತಿಂಗಳಿಗೊಮ್ಮೆ ನಾವಿಬ್ಬರೂ ಕೂತು ಆ ಪುಸ್ತಕ ನೋಡುತ್ತೇವೆ. ಪಕ್ಕದ ಮನೆಯವರೇ ಜಾಸ್ತಿ ಗಿರಾಕಿಗಳನ್ನು ಕಳಿಸುತ್ತಿದ್ದಾರೆ ಅಂತ ಕಂಡರೆ, ಸದ್ಯಕ್ಕೆ ನನ್ನ ಅಗತ್ಯವಿಲ್ಲ ಎಂದು ಹೇಳಿ, ಫೋಟೋಗಳು, ವರದಿಗಾರರ ವಿಳಾಸಗಳು, ಬರೆದ ಪ್ರತಿಗಳು ಎಲ್ಲವನ್ನೂ ಅವರ ಕೈಗೆ ಒಪ್ಪಿಸಿ ಬರುತ್ತೇನೆ.

ನಮಸ್ಕಾರ.