ಹೇಗೂ ಬೀಳುವ ಹಲ್ಲು

ನಮಸ್ಕಾರ. ನಮ್ಮ ಮಂಗಳೂರಿನಲ್ಲಿ ಯಾವುದಕ್ಕೆ ಬರ ಬಂದರೂ ಹಲ್ಲಿನ ಡಾಕ್ಟರಿಗೆ ಬರ ಇಲ್ಲ. ದೇರಳಕಟ್ಟೆಯಲ್ಲಿ ಡೆಂಟಲ್ ಕಾಲೇಜು, ಮುಕ್ಕದಲ್ಲಿ ಡೆಂಟಲ್ ಕಾಲೇಜು. ಮಣಿಪಾಲದ್ದಂತೂ 1965ರಿಂದ ಉಂಟು. ಆ ಲೆಕ್ಕದಲ್ಲಿ ನಮ್ಮ ಮಕ್ಕಳ ಬಾಯಲ್ಲಿ ಹುಳುಕೇ ಇರಬಾರದಿತ್ತು, ಅಲ್ವಾ? ಯಾವುದಾದರೂ ಮದುವೆ ಹಾಲ್‌ನಲ್ಲಿ ಓಡಾಡುವ ಮಕ್ಕಳು ನಗುವಾಗ ನೋಡಿ. ಎದುರಿನ ಹಲ್ಲು ಕಪ್ಪಾಗಿ, ಕರಗಿ ಮೋಟಾದ ಒಂದು ಮಗುವಾದರೂ ಸಿಗುತ್ತದೆ.

2002-03ರಲ್ಲಿ ದೇಶದಾದ್ಯಂತ ಬಾಯಿಯ ಆರೋಗ್ಯದ ಸಮೀಕ್ಷೆ ನಡೆದಿತ್ತು. 5 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಹುಳುಕು. 35ರಿಂದ 44ರ ಪ್ರಾಯದವರಲ್ಲಿ ಸುಮಾರು ಶೇ. 80. ಹಳೇ ಲೆಕ್ಕ ಅಂತೀರಾ? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ಕೇಳಿ: ಪ್ರಪಂಚದಲ್ಲಿ ಸುಮಾರು 200 ಕೋಟಿ ಜನರಿಗೆ ಶಾಶ್ವತ ಹಲ್ಲಿನಲ್ಲೇ ಹುಳುಕು, 51 ಕೋಟಿ ಮಕ್ಕಳಿಗೆ ಹಾಲು ಹಲ್ಲಿನಲ್ಲಿ. ಎಲ್ಲರಿಗೂ ಇರುವ ಕಾಯಿಲೆ ನೋಡಿ, ಹಾಗಾಗಿ ಯಾರಿಗೂ ಅದು ಕಾಯಿಲೆ ಅಂತ ಅನ್ನಿಸುವುದೇ ಇಲ್ಲ.

ನನಗೆ ಸಿಟ್ಟು ಬರುವುದು ಒಂದು ಮಾತಿಗೆ. "ಹಾಲು ಹಲ್ಲು ತಾನೇ, ಹೇಗೂ ಬೀಳುತ್ತದೆ ಬಿಡಿ." ಬೀಳುತ್ತದೆ ಮಾರಾಯ್ರೇ, ಆದರೆ ಯಾವಾಗ? ಹಿಂದಿನ ಹಾಲು ದವಡೆ ಹಲ್ಲು ಬೀಳುವುದು 10-12 ವರ್ಷಕ್ಕೆ. 4 ವರ್ಷದ ಮಗುವಿಗೆ ಹುಳುಕು ಹಿಡಿದರೆ ಅಷ್ಟೂ ವರ್ಷ ಒಂದೇ ಬದಿಯಲ್ಲಿ ಅಗಿಯಬೇಕಾ? ಮೊದಲೇ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಕೆಳಗಿನಿಂದ ಬರುವ ಹಲ್ಲಿಗೆ ದಾರಿ ಇಲ್ಲ. ಆಮೇಲೆ ಕ್ಲಿಪ್ ಹಾಕಿಸಲು ದುಡ್ಡು ನೀವೇ ಕೊಡಬೇಕು.

ಇನ್ನು ಸಿಹಿ. ಮಗು ವಾರಕ್ಕೊಮ್ಮೆ ಗಡ್‌ಬಡ್ ಐಸ್‌ಕ್ರೀಂ ತಿಂದರೆ ಬೈಯುತ್ತೇವೆ. ಅದೇ ಮಗು ಬೆಳಿಗ್ಗೆಯಿಂದ ಚಾಕ್ಕೆ ಬಿಸ್ಕತ್ತು ಅದ್ದಿ, ಮಧ್ಯೆ ಜ್ಯೂಸ್ ಹೀರಿ, ಸಂಜೆ ರಸ್ಕ್ ಕಡಿದರೆ ಸುಮ್ನೆ ಇರುತ್ತೇವೆ. ನನ್ನ ಪ್ರಕಾರ ಗಡ್‌ಬಡ್ ಪಾಪದ್ದು. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತದೆ. ಅದನ್ನು ತೊಳೆದು ಸರಿಮಾಡಲು ಎಂಜಲಿಗೆ ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಮತ್ತೊಂದು ಬಿಸ್ಕತ್ತು! ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದೇ ಹಲ್ಲಿಗೆ ಜಾಸ್ತಿ ಪೆಟ್ಟು. ಊಟದ ಕೊನೆಯ ಪಾಯಸ ಅಷ್ಟು ಕೆಟ್ಟದ್ದಲ್ಲ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲೇ ಇಟ್ಟು ಮಲಗಿಸುವುದಿದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ನಿದ್ದೆಯಲ್ಲಿ ಎಂಜಲೂ ಕಡಿಮೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮಗುವಿನ ಮೇಲ್ದುಟಿ ಎತ್ತಿ, ಮೊಬೈಲ್ ಟಾರ್ಚ್ ಹಾಕಿ. ವಸಡಿನ ಅಂಚಿಗೆ ಸೀಮೆಸುಣ್ಣ ಎಳೆದಂಥ ಮಂಕಾದ ಬಿಳಿ ಗೆರೆ ಕಂಡರೆ ಹುಳುಕು ಅಲ್ಲಿಂದ ಶುರುವಾಗಿದೆ ಅಂತ. ಇನ್ನೂ ತೂತಾಗಿಲ್ಲ. ಫ್ಲೋರೈಡ್ ಇರುವ ಪೇಸ್ಟು, ಡಾಕ್ಟರು ಬಳಿಯುವ ಫ್ಲೋರೈಡ್ ವಾರ್ನಿಶ್, ಇಷ್ಟರಲ್ಲೇ ತಡೆಯಬಹುದು. ಪೇಸ್ಟು 3 ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಉಜ್ಜುವುದು ನೀವೇ. 5 ವರ್ಷದವರ ಕೈಗೆ ಬ್ರಷ್ ಕೊಟ್ಟರೆ ಅವರು ಪೇಸ್ಟು ತಿನ್ನುತ್ತಾರೆ, ಅಷ್ಟೇ.

ಶಾಲೆಗಳಲ್ಲಿ ಕ್ಯಾಂಪ್ ಆಗುತ್ತದಲ್ಲ ಅಂತ ಕೇಳಬಹುದು. ಆಗುತ್ತದೆ, ಒಳ್ಳೆಯದೇ. ಆದರೆ ಅವರು ಬರೆದುಕೊಟ್ಟ ಚೀಟಿ ಬ್ಯಾಗಿನ ಅಡಿಯಲ್ಲಿ ಮುದ್ದೆಯಾಗಿ ಬಿದ್ದಿರುತ್ತದೆ. ಅಷ್ಟಕ್ಕೂ ಶಾಲೆಗೆ ಬರುವ ಹೊತ್ತಿಗೆ ಅರ್ಧ ಹಾಳಾಗಿರುತ್ತದೆ. ಕ್ಯಾಂಪ್ ಅಂಗನವಾಡಿಯಿಂದಲೇ ಶುರುವಾಗಬೇಕು, ಅದೂ ಅಮ್ಮಂದಿರು ಕರೆದುಕೊಂಡು ಹೋಗಲು ಬರುವ ಹೊತ್ತಿಗೆ.

ಇನ್ನೊಂದು. 6 ವರ್ಷಕ್ಕೆ ಎಲ್ಲಾ ಹಾಲು ಹಲ್ಲಿನ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಅಲ್ಲ, ಅದು ಕೊನೆತನಕ ಇರಬೇಕಾದದ್ದು. ಹುಳುಕು ಹಿಡಿಯದ ಹಾಗೆ ಅದರ ಗೀರುಗಳನ್ನು ಸೀಲಂಟ್ ಅನ್ನುವ ತೆಳು ಲೇಪ ಹಾಕಿ ಮುಚ್ಚುತ್ತಾರೆ. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಒಂದನೇ ಕ್ಲಾಸಿನ ಮಗು ಮನೆಯಲ್ಲಿದ್ದರೆ ಡಾಕ್ಟರ ಹತ್ತಿರ ಇದನ್ನು ಹೆಸರು ಹೇಳಿ ಕೇಳಿ.